ಬಿಳಿ ಬಿಟ್ಟ ಕೆರೆ: ಡಿಜಿಟಲ್ ನಕ್ಷೆಗೆ ಬಣ್ಣ, ಗುರುತು ಆರಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ತಾಲೂಕಿನ ಕೆರೆಗಳ ನಕ್ಷೆ ಮಾಡಿದ್ದೆ. ನೀರು ತುಂಬಿದ ಕೆರೆಗೆ ಕಡು ನೀಲಿ, ಅರ್ಧ ಇರುವುದಕ್ಕೆ ತಿಳಿ ನೀಲಿ, ಬತ್ತಿದ್ದಕ್ಕೆ ಬಿಳಿ. ನೋಡಲು ಚೆನ್ನಾಗಿಯೇ ಇತ್ತು. ಸಭೆಯಲ್ಲಿ ಪರದೆ ಮೇಲೆ ತೋರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ಬಂದರು. ತಮ್ಮೂರ ಕೆರೆಯ ಮೇಲೆ ಬೆರಳಿಟ್ಟು, "ಇದು ಬತ್ತಿಲ್ಲ ಕಣಪ್ಪ. ಯಾರೂ ಬಂದು ನೋಡಿಲ್ಲ, ಅಷ್ಟೇ" ಅಂದರು.

ಅವರು ಹೇಳಿದ್ದು ನಿಜ. ಆ ಕೆರೆಯ ಅಳತೆ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಖಾಲಿ ಇದ್ದ ಕಡೆ ಸಾಫ್ಟ್‌ವೇರ್ ಬಣ್ಣ ಹಚ್ಚದೆ ಬಿಟ್ಟಿತ್ತು, ಹಿನ್ನೆಲೆಯ ಬಿಳಿ ಹಾಗೇ ಕಾಣುತ್ತಿತ್ತು. ಬತ್ತಿದ ಕೆರೆಯೂ ಬಿಳಿ, ಅಳೆಯದ ಕೆರೆಯೂ ಬಿಳಿ. ಮೊದಲು ಯಾವ ಕೆರೆಯ ಹೂಳೆತ್ತಬೇಕು ಅನ್ನುವುದು ಆ ನಕ್ಷೆ ನೋಡಿಯೇ ತೀರ್ಮಾನ ಆಗುವುದಿತ್ತು.

ಈಗ ನಕ್ಷೆ ಮಾಡುವುದು ಸುಲಭ. ಕ್ಯೂಜಿಐಎಸ್‌ನಂಥ ಉಚಿತ ಸಾಫ್ಟ್‌ವೇರ್ ಇದೆ. ಒಂದು ಬಟನ್ ಒತ್ತಿದರೆ ಬಣ್ಣ ತಾನೇ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೆ ಅಂಕಿ ಮಾತ್ರ ಗೊತ್ತು, ಅಂಕಿಯ ಹಿಂದಿನ ಕೆರೆ ಗೊತ್ತಿಲ್ಲ. ಬಣ್ಣ ಅಂದರೆ ಕೊನೆಗೆ ಚಂದಕ್ಕೆ ಹಚ್ಚುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಯಾವ ಬಣ್ಣ, ಯಾವ ಗುರುತು ಅನ್ನುವುದನ್ನು ಅಂಕಿಯ ಸ್ವಭಾವವೇ ಹೇಳುತ್ತದೆ. 2011ರ ಜನಗಣತಿಯ ಕರ್ನಾಟಕದ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

1. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಬರೆಯಿರಿ. "ಯಾವ ಜಿಲ್ಲೆಯಲ್ಲಿ ಜಾಸ್ತಿ ಜನ ಇದ್ದಾರೆ?" ಅನ್ನುವುದು ಒಂದು ಪ್ರಶ್ನೆ. "ಯಾವ ಜಿಲ್ಲೆಯಲ್ಲಿ ಜನ ಒತ್ತೊತ್ತಾಗಿ ಇದ್ದಾರೆ?" ಅನ್ನುವುದು ಬೇರೆಯೇ ಪ್ರಶ್ನೆ.

ಬೆಳಗಾವಿ ಜಿಲ್ಲೆಯಲ್ಲಿ ಸುಮಾರು 47.8 ಲಕ್ಷ ಜನ ಇದ್ದರು. ದಕ್ಷಿಣ ಕನ್ನಡದಲ್ಲಿ 20.9 ಲಕ್ಷ, ಅರ್ಧಕ್ಕಿಂತ ಕಡಿಮೆ. ಆದರೆ ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಬೆಳಗಾವಿಯಲ್ಲಿ 356 ಜನ, ದಕ್ಷಿಣ ಕನ್ನಡದಲ್ಲಿ 430. ಒಟ್ಟು ಜನಸಂಖ್ಯೆಯನ್ನು ಜಿಲ್ಲೆಯ ತುಂಬಾ ಬಣ್ಣ ಬಳಿದು ತೋರಿಸಿದಿರಿ ಅಂದುಕೊಳ್ಳಿ. ಬೆಳಗಾವಿ ವಿಸ್ತಾರದಲ್ಲೂ ದೊಡ್ಡದು, ಬಣ್ಣವೂ ಕಡು. ನೋಡಿದವರು ಅಲ್ಲಿ ಕಾಲಿಡಲೂ ಜಾಗವಿಲ್ಲ ಅಂದುಕೊಳ್ಳುತ್ತಾರೆ.

ಆದ್ದರಿಂದ ಇದನ್ನು ನೆನಪಿಡಿ: ಜಾಗಕ್ಕೆ ಬಣ್ಣ ಬಳಿಯುವುದಾದರೆ ದರ ತೋರಿಸಿ. ಚದರ ಕಿಲೋಮೀಟರಿಗೆ ಎಷ್ಟು, ನೂರಕ್ಕೆ ಎಷ್ಟು, ಸಾವಿರಕ್ಕೆ ಎಷ್ಟು, ಹೀಗೆ. ಒಟ್ಟು ಎಣಿಕೆ ತೋರಿಸಬೇಕಿದ್ದರೆ ವೃತ್ತ ಬಳಸಿ. ಈ ಒಂದನ್ನು ಪಾಲಿಸಿದರೆ ನಕ್ಷೆಗಳಲ್ಲಿ ಕಾಣುವ ಅರ್ಧದಷ್ಟು ತಪ್ಪು ಇಲ್ಲವಾಗುತ್ತದೆ ಅಂತ ನನಗೆ ಅನಿಸುತ್ತದೆ.

ಇಲ್ಲೇ ಇನ್ನೊಂದನ್ನೂ ನೋಡಿಕೊಳ್ಳಿ. 2011ರಲ್ಲಿ ರಾಜ್ಯದಲ್ಲಿ 30 ಜಿಲ್ಲೆಗಳಿದ್ದವು. ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿದ್ದು 2021ರಲ್ಲಿ. ಈಗಿನ ಗಡಿಗಳ ಫೈಲಿಗೆ 2011ರ ಪಟ್ಟಿ ಜೋಡಿಸಿದರೆ ವಿಜಯನಗರ ಖಾಲಿ ಉಳಿಯುತ್ತದೆ. ಬಳ್ಳಾರಿಯ ಹಳೆಯ ಅಂಕಿ ಚಿಕ್ಕದಾದ ಬಳ್ಳಾರಿಯ ಮೇಲೆ ಕೂರುತ್ತದೆ. ಯಾವ ವರ್ಷದ ಅಂಕಿಯೋ ಆ ವರ್ಷದ ಗಡಿಯನ್ನೇ ಹುಡುಕಿ.

2. ಅಂಕಿ ಯಾವ ಬಗೆಯದು ನೋಡಿ

ಕೆಲವು ಮಾಹಿತಿ ಬರೀ ಹೆಸರು: ಇದು ರಾಗಿ, ಇದು ಭತ್ತ, ಇದು ಕಬ್ಬು. ಒಂದು ದೊಡ್ಡದು ಒಂದು ಚಿಕ್ಕದು ಅಂತ ಇಲ್ಲ. ಕೆಲವಕ್ಕೆ ಕ್ರಮ ಇರುತ್ತದೆ: ಕಾಲುದಾರಿ, ಹಳ್ಳಿ ರಸ್ತೆ, ಹೆದ್ದಾರಿ. ಕೆಲವು ನಿಜವಾದ ಅಳತೆ: ಇಷ್ಟು ಮಿಲಿಮೀಟರ್ ಮಳೆ, ಇಷ್ಟು ಜನ.

ಫ್ರಾನ್ಸಿನ ನಕ್ಷೆಕಾರ ಜಾಕ್ ಬರ್ಟಿನ್ 1967ರಲ್ಲಿ ಗುರುತುಗಳ ಗುಣಗಳನ್ನು ಬಿಡಿಸಿ ತೋರಿಸಿದರು. ಗಾತ್ರ, ತಿಳಿ-ಕಡು, ಬಣ್ಣ, ಆಕಾರ, ದಿಕ್ಕು, ಮೇಲ್ಮೈಯ ಗೀಟು-ಚುಕ್ಕಿ, ಇರುವ ಜಾಗ. ನಮ್ಮ ಕೆಲಸಕ್ಕೆ ಅದರಿಂದ ಇಷ್ಟು ಸಾಕು. ಹೆಸರು ಬೇರೆ ಬೇರೆ ಅಂತ ಹೇಳಲು ಬಣ್ಣ ಅಥವಾ ಆಕಾರ ಬದಲಿಸಿ. ಕ್ರಮ ಹೇಳಲು ತಿಳಿಯಿಂದ ಕಡುವಿಗೆ ಹೋಗಿ. ಎಷ್ಟು ಅಂತ ಹೇಳಲು ಗಾತ್ರ ಬದಲಿಸಿ. ಹತ್ತು ಜನಕ್ಕೆ ಚೌಕ, ನೂರು ಜನಕ್ಕೆ ತ್ರಿಕೋನ ಅಂತ ಹಾಕಿದರೆ ಯಾರಿಗೂ ಅರ್ಥ ಆಗುವುದಿಲ್ಲ. ತ್ರಿಕೋನ ಚೌಕಕ್ಕಿಂತ ದೊಡ್ಡದು ಅಂತ ಕಣ್ಣಿಗೆ ಅನಿಸುವುದೇ ಇಲ್ಲ.

ಹಳೆಯ ಗುರುತುಗಳಲ್ಲಿ ಎಷ್ಟು ಯೋಚನೆ ಇದೆ ಅಂತ ನೋಡಲು ಸರ್ವೇ ಆಫ್ ಇಂಡಿಯಾದ ಟೋಪೋ ಶೀಟ್ (ನೆಲದ ಏರಿಳಿತ, ಹೊಳೆ, ಊರು ತೋರಿಸುವ ಸರ್ಕಾರಿ ನಕ್ಷೆ) ಒಂದನ್ನು ಬಿಡಿಸಿ ನೋಡಿ. ನೀರಿಗೆ ನೀಲಿ, ಕಾಡಿಗೆ ಹಸಿರು, ಉಳುಮೆಯ ಭೂಮಿಗೆ ಹಳದಿ, ಎತ್ತರದ ಗೆರೆಗಳಿಗೆ ಕಂದು, ಊರು-ರಸ್ತೆಗೆ ಕೆಂಪು. ನೀರಿರುವ ಹೊಳೆ ನೀಲಿಯಾದರೆ ಒಣಗುವ ಹಳ್ಳ ಕಪ್ಪು. ಹಳ್ಳ ಎರಡೂ ಕಡೆ ಇದೆ, ನೀರು ಮಾತ್ರ ಒಂದು ಕಡೆ ಇದೆ. ಆ ವ್ಯತ್ಯಾಸವನ್ನು ಬರೀ ಗೆರೆಯ ಬಣ್ಣದಲ್ಲಿ ಹೇಳಿದ್ದಾರೆ. ನನಗೆ ಈಗಲೂ ಅದನ್ನು ನೋಡಿದರೆ ಖುಷಿಯಾಗುತ್ತದೆ.

3. ಬಣ್ಣದ ಸಾಲು ಆರಿಸಿ

ಅಮೆರಿಕದ ಸಿಂಥಿಯಾ ಬ್ರೂವರ್ ಅವರು ನಕ್ಷೆಗೆಂದೇ ಪರೀಕ್ಷಿಸಿ ರೂಪಿಸಿದ ಬಣ್ಣದ ಸಾಲುಗಳು ಕಲರ್‌ಬ್ರೂವರ್ ಹೆಸರಿನಲ್ಲಿ ಉಚಿತವಾಗಿ ಸಿಗುತ್ತವೆ. ಕ್ಯೂಜಿಐಎಸ್ ಒಳಗೂ ಅವು ಇವೆ. ಶುರುವಿನಲ್ಲಿ ನೀವೇ ಬಣ್ಣ ಕಲಸಲು ಹೋಗಬೇಡಿ, ಅಲ್ಲಿಂದ ತೆಗೆದುಕೊಳ್ಳಿ. ಅವು ಮೂರು ಬಗೆ.

ಮೊದಲನೆಯದು ತಿಳಿಯಿಂದ ಕಡುವಿಗೆ ಹೋಗುವ ಸಾಲು. ಸಾಕ್ಷರತೆಗೆ ಇದು ಸರಿ. 2011ರಲ್ಲಿ ಯಾದಗಿರಿ ಶೇ 51.83, ದಕ್ಷಿಣ ಕನ್ನಡ ಶೇ 88.57, ರಾಜ್ಯ ಶೇ 75.36. ಕಡಿಮೆ ಇರುವ ಕಡೆ ತಿಳಿ, ಜಾಸ್ತಿ ಇರುವ ಕಡೆ ಕಡು. ಒಂದೇ ಬಣ್ಣದ ಐದು ಮೆಟ್ಟಿಲು ಸಾಕು. ಕಾಮನಬಿಲ್ಲಿನ ಏಳೂ ಬಣ್ಣ ಹಾಕುವ ಆಸೆ ಬರುತ್ತದೆ, ಬಿಟ್ಟುಬಿಡಿ. ಅದರಲ್ಲಿ ನಡುವಿನ ಹಳದಿಯೇ ಎಲ್ಲಕ್ಕಿಂತ ಹೊಳೆಯುತ್ತದೆ. ನಡುವಿನ ಅಂಕಿ ಇರುವ ಜಿಲ್ಲೆಗಳು ಮುಂದೆ ಬಂದು ನಿಲ್ಲುತ್ತವೆ. ಹಸಿರು ದೊಡ್ಡದೋ ನೀಲಿ ದೊಡ್ಡದೋ ಅಂತ ಪ್ರತಿ ಸಲ ಲೆಜೆಂಡ್ (ಯಾವ ಬಣ್ಣಕ್ಕೆ ಏನರ್ಥ ಅಂತ ಹೇಳುವ ಪಟ್ಟಿ) ನೋಡಬೇಕಾಗುತ್ತದೆ.

ದಿಕ್ಕಿನ ಬಗ್ಗೆ ಒಂದು ಮಾತು. 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪಾಂ ತಮ್ಮ ದೇಶದ ಶಿಕ್ಷಣದ ನಕ್ಷೆ ಮಾಡಿದರು. ಜಾಗಕ್ಕೆ ಛಾಯೆ ತುಂಬಿ ಅಂಕಿ ತೋರಿಸಿದ ಮೊದಲ ನಕ್ಷೆ ಅದು ಅನ್ನುತ್ತಾರೆ. ಅವರು ಓದು ಕಡಿಮೆ ಇದ್ದ ಕಡೆ ಕಪ್ಪು ಹಚ್ಚಿದ್ದರು. ಅಜ್ಞಾನ ಅಂದರೆ ಕತ್ತಲೆ ಅನ್ನುವ ಲೆಕ್ಕ. ಇವತ್ತು ನಮ್ಮ ಕಣ್ಣು ಕಡು ಅಂದರೆ ಜಾಸ್ತಿ ಅಂತ ಓದುತ್ತದೆ. ಓದು ಬಾರದವರ ಪ್ರಮಾಣ ತೋರಿಸುವುದೇ ನಿಮ್ಮ ಉದ್ದೇಶವಾದರೆ ಅಂಕಿಯನ್ನೇ ತಿರುಗಿಸಿ, ತಲೆಬರಹದಲ್ಲೂ ಹಾಗೇ ಬರೆಯಿರಿ. ಬಣ್ಣವನ್ನು ಮಾತ್ರ ತಿರುಗಿಸಬೇಡಿ. ಕಪ್ಪು ಹಿನ್ನೆಲೆಯ ನಕ್ಷೆ ಮಾತ್ರ ಇದಕ್ಕೆ ಹೊರತು. ಕತ್ತಲಲ್ಲಿ ದೀಪ ಕಂಡ ಹಾಗೆ ಅಲ್ಲಿ ತಿಳಿ ಬಣ್ಣವೇ ಜಾಸ್ತಿ ಅನಿಸುತ್ತದೆ.

ಎರಡನೆಯದು ನಡುವಿನಿಂದ ಎರಡೂ ಕಡೆಗೆ ಹೋಗುವ ಸಾಲು. ಒಂದು ಕಡೆ ಕಂದು, ಇನ್ನೊಂದು ಕಡೆ ನೀಲಿ-ಹಸಿರು, ನಡುವೆ ತಿಳಿ. ನಡುವಿನ ಅಂಕಿಗೆ ನಿಜವಾದ ಅರ್ಥ ಇದ್ದರೆ ಮಾತ್ರ ಇದನ್ನು ಬಳಸಿ. ಹವಾಮಾನ ಇಲಾಖೆ ಮಳೆಯನ್ನು ವಾಡಿಕೆಗೆ ಹೋಲಿಸುತ್ತದಲ್ಲ, ಅದು ಒಳ್ಳೆಯ ಉದಾಹರಣೆ. ವಾಡಿಕೆಗಿಂತ ಶೇ 19ರ ತನಕ ಹೆಚ್ಚು-ಕಡಿಮೆ ಆದರೆ ಅದು ಸಾಮಾನ್ಯ ಮಳೆ. ಶೇ 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ, ಶೇ 60 ಮುಟ್ಟಿದರೆ ತೀವ್ರ ಕೊರತೆ. ಹೆಚ್ಚಿನ ಕಡೆಯೂ ಇದೇ ಮೆಟ್ಟಿಲು. ನಡು ಎಲ್ಲಿ ಅಂತ ಇಲ್ಲಿ ಮೊದಲೇ ತೀರ್ಮಾನ ಆಗಿದೆ.

ಆದರೆ ಲಿಂಗಾನುಪಾತದಲ್ಲಿ ನಡು ಯಾವುದು? 2011ರಲ್ಲಿ ಸಾವಿರ ಗಂಡಸರಿಗೆ ಬೆಂಗಳೂರು ನಗರದಲ್ಲಿ 916 ಹೆಂಗಸರು, ಉಡುಪಿಯಲ್ಲಿ 1,094. ನಡುವನ್ನು 1,000ಕ್ಕೆ ಇಟ್ಟರೆ "ಹೆಂಗಸರು ಜಾಸ್ತಿಯೋ ಕಡಿಮೆಯೋ" ಅಂತ ನಕ್ಷೆ ಹೇಳುತ್ತದೆ. ರಾಜ್ಯದ ಸರಾಸರಿ 973ಕ್ಕೆ ಇಟ್ಟರೆ "ರಾಜ್ಯಕ್ಕೆ ಹೋಲಿಸಿದರೆ ಹೇಗಿದೆ" ಅಂತ ಹೇಳುತ್ತದೆ. ಮಂಡ್ಯದಲ್ಲಿ 995. ಮೊದಲ ನಕ್ಷೆಯಲ್ಲಿ ಮಂಡ್ಯ ಕಂದು, ಎರಡನೆಯದರಲ್ಲಿ ನೀಲಿ. ಅಂಕಿ ಬದಲಾಗಿಲ್ಲ, ನಡು ಮಾತ್ರ ಸರಿದಿದೆ. ಸಾಫ್ಟ್‌ವೇರ್ ಸುಮ್ನೆ ಕನಿಷ್ಠ-ಗರಿಷ್ಠದ ಮಧ್ಯಕ್ಕೆ ನಡು ಇಟ್ಟುಬಿಡುತ್ತದೆ. ನೀವು ಕೈಯಾರೆ ಸರಿಪಡಿಸಿ. ಚೀಟಿಯಲ್ಲಿ ಬರೆದ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂರನೆಯದು ಹೆಸರುಗಳಿಗೆ ಬೇರೆ ಬೇರೆ ಬಣ್ಣ. ಏಳೆಂಟು ದಾಟಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಉಳಿದವನ್ನು "ಇತರೆ" ಅಂತ ಒಟ್ಟು ಮಾಡಿ. ಜನರ ಮನಸ್ಸಿನಲ್ಲಿ ಈಗಾಗಲೇ ಇರುವ ಬಣ್ಣವನ್ನೇ ಕೊಡಿ. ರಾಗಿಗೆ ಕಂದುಗೆಂಪು ಕೊಟ್ಟರೆ ಯಾರೂ ಲೆಜೆಂಡ್ ನೋಡುವುದಿಲ್ಲ. ಕೇಸರಿ, ಹಸಿರಿನಂಥ ಬಣ್ಣಗಳಿಗೆ ನಮ್ಮಲ್ಲಿ ಪಕ್ಷ, ಧರ್ಮದ ನಂಟು ಇದೆ. ಶಾಲೆಗಳ ನಕ್ಷೆಯೊಂದು ಚುನಾವಣೆ ಫಲಿತಾಂಶದ ಹಾಗೆ ಕಂಡರೆ ಓದುವವರ ಗಮನ ಬೇರೆಲ್ಲೋ ಹೋಗುತ್ತದೆ.

4. ಅಂಕಿಗಳನ್ನು ಎಲ್ಲಿ ಕತ್ತರಿಸುತ್ತೀರಿ?

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಹೆಜ್ಜೆ ಇದು. ಬಣ್ಣ ಎಷ್ಟೇ ಒಳ್ಳೆಯದಿರಲಿ, ಗುಂಪು ಮಾಡುವಾಗ ಎಡವಿದರೆ ನಕ್ಷೆ ಸುಳ್ಳು ಹೇಳುತ್ತದೆ.

ಕ್ಯೂಜಿಐಎಸ್‌ನಲ್ಲಿ ಲೇಯರ್ (ನಕ್ಷೆಯ ಒಂದು ಪದರ) ಮೇಲೆ ಎರಡು ಸಲ ಕ್ಲಿಕ್ ಮಾಡಿ, ಸಿಂಬಾಲಜಿಗೆ ಹೋಗಿ, ಗ್ರಾಜುಯೇಟೆಡ್ ಆರಿಸಿ. ಜನಸಾಂದ್ರತೆಯ ಕಾಲಂ ಕೊಡಿ, ಐದು ಗುಂಪು ಅನ್ನಿ. ಕೆಳಗೆ ಮೋಡ್ ಅಂತ ಇದೆ. ಮೊದಲು ಈಕ್ವಲ್ ಇಂಟರ್ವಲ್ ಆರಿಸಿ ನೋಡಿ. ಅತಿ ಕಡಿಮೆ ಕೊಡಗಿನ 135, ಅತಿ ಹೆಚ್ಚು ಬೆಂಗಳೂರು ನಗರದ 4,381. ಇದನ್ನು ಐದು ಸಮಭಾಗ ಮಾಡಿದರೆ ಒಂದೊಂದು ಮೆಟ್ಟಿಲು ಸುಮಾರು 849. ಮೊದಲ ಗುಂಪು 135ರಿಂದ 984ರ ತನಕ. ಬೆಂಗಳೂರು ನಗರದ ನಂತರದ ಸ್ಥಾನದಲ್ಲಿರುವ ಮೈಸೂರಿನ ಸಾಂದ್ರತೆಯೇ 476. ಅಂದರೆ 29 ಜಿಲ್ಲೆಗಳು ಒಂದೇ ತಿಳಿ ಬಣ್ಣದಲ್ಲಿ, ಬೆಂಗಳೂರು ಒಂದೇ ಕಡು ಬಣ್ಣದಲ್ಲಿ. ನಡುವಿನ ಮೂರು ಬಣ್ಣ ಖಾಲಿ.

ಈಗ ಈಕ್ವಲ್ ಕೌಂಟ್ ಆರಿಸಿ. ಪ್ರತಿ ಗುಂಪಿಗೆ ಆರಾರು ಜಿಲ್ಲೆ. ನಕ್ಷೆ ಥಟ್ಟನೆ ಬಣ್ಣ ಬಣ್ಣವಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಮೇಲಿನ ಗುಂಪನ್ನು ಹತ್ತಿರದಿಂದ ನೋಡಿ. 476ರ ಮೈಸೂರು, 430ರ ದಕ್ಷಿಣ ಕನ್ನಡ, 4,381ರ ಬೆಂಗಳೂರು ನಗರ, ಎಲ್ಲಕ್ಕೂ ಒಂದೇ ಬಣ್ಣ. ಇದೂ ಸರಿಯಲ್ಲ, ಅಲ್ವಾ?

ನ್ಯಾಚುರಲ್ ಬ್ರೇಕ್ಸ್ ಅಂತ ಇನ್ನೊಂದಿದೆ. ಅಂಕಿಗಳ ನಡುವೆ ಸಹಜವಾಗಿ ದೊಡ್ಡ ಅಂತರ ಇರುವ ಕಡೆ ಅದು ಕತ್ತರಿಸುತ್ತದೆ. ಒಳ್ಳೆಯ ಆರಂಭ. ಆದರೆ ಬರುವ ಗಡಿಗಳು ಬಾಯಲ್ಲಿ ಹೇಳಲು ಆಗದಂಥ ಅಂಕಿಗಳು. ನಾನು ಅದನ್ನು ನೋಡಿಕೊಂಡು, ಆಮೇಲೆ ಕೈಯಿಂದ ತಿದ್ದುತ್ತೇನೆ: 150ಕ್ಕಿಂತ ಕಡಿಮೆ, 150–249, 250–349, 350–499, ಕೊನೆಗೆ ಬೆಂಗಳೂರು ನಗರ ಒಂದಕ್ಕೇ ಬೇರೆ ಗುಂಪು. ಕೊಡಗು, ಉತ್ತರ ಕನ್ನಡ ಕೆಳಗೆ ಪ್ರತ್ಯೇಕವಾಗಿ ಕಾಣುತ್ತವೆ. ಬೆಂಗಳೂರು ತನ್ನಷ್ಟಕ್ಕೆ ನಿಲ್ಲುತ್ತದೆ. ಉಳಿದ ಜಿಲ್ಲೆಗಳ ನಡುವಿನ ವ್ಯತ್ಯಾಸವೂ ಉಳಿಯುತ್ತದೆ.

150–250, 250–350 ಅಂತ ಬರೆಯಬೇಡಿ. ಸರಿಯಾಗಿ 250 ಇರುವ ಜಿಲ್ಲೆ ಯಾವ ಗುಂಪಿಗೆ ಹೋಗಬೇಕು?

ಗುಂಪುಗಳ ಸಂಖ್ಯೆ ನಾಲ್ಕರಿಂದ ಆರು ಇದ್ದರೆ ಒಳ್ಳೆಯದು. ಒಂದೇ ಬಣ್ಣ ಅಕ್ಕಪಕ್ಕದ ಬಣ್ಣದಿಂದಾಗಿ ಬೇರೆಯಾಗಿ ಕಾಣುತ್ತದೆ. ಸುತ್ತ ತಿಳಿ ಇದ್ದರೆ ನಡುವಿನದು ಕಡುವಾಗಿ ಕಾಣುತ್ತದೆ, ಸುತ್ತ ಕಡು ಇದ್ದರೆ ತಿಳಿಯಾಗಿ. ಒಂಬತ್ತು ಮೆಟ್ಟಿಲು ಮಾಡಿದರೆ ಓದುವವರು ಲೆಜೆಂಡ್‌ನ ಯಾವ ಬಣ್ಣಕ್ಕೆ ಹೊಂದಿಸಬೇಕು ಅಂತ ಗೊತ್ತಾಗದೆ ಕೈಬಿಡುತ್ತಾರೆ.

5. ವೃತ್ತ ಹಾಕುವಾಗ ಲೆಕ್ಕ ತಪ್ಪಬೇಡಿ

ಒಟ್ಟು ಜನಸಂಖ್ಯೆಗೆ ವೃತ್ತ ಅಂದೆನಲ್ಲ. ಕೊಡಗಿನಲ್ಲಿ 5,54,519 ಜನ, ಬೆಂಗಳೂರು ನಗರದಲ್ಲಿ 96,21,551. ಸುಮಾರು 17 ಪಟ್ಟು. ಕೊಡಗಿನ ವೃತ್ತದ ಅಡ್ಡಳತೆ 10 ಪಿಕ್ಸೆಲ್ ಇಟ್ಟರೆ ಬೆಂಗಳೂರಿನದು ಎಷ್ಟಿರಬೇಕು? 170 ಅಲ್ಲ. ಅಡ್ಡಳತೆ 17 ಪಟ್ಟಾದರೆ ವೃತ್ತ ತುಂಬುವ ಜಾಗ ಸುಮಾರು 300 ಪಟ್ಟಾಗುತ್ತದೆ. ಕಣ್ಣು ನೋಡುವುದು ಆ ಜಾಗವನ್ನು. ಹಾಗಾಗಿ ವರ್ಗಮೂಲ ತೆಗೆಯಿರಿ. 17ರ ವರ್ಗಮೂಲ 4ಕ್ಕಿಂತ ತುಸು ಜಾಸ್ತಿ. ಬೆಂಗಳೂರಿಗೆ 42 ಪಿಕ್ಸೆಲ್ ಸರಿಯಾದ ಅಳತೆ.

ಕ್ಯೂಜಿಐಎಸ್‌ನಲ್ಲಿ ಗಾತ್ರದ ಪಕ್ಕದ ಚಿಕ್ಕ ಬಟನ್ ಒತ್ತಿ ಅಸಿಸ್ಟೆಂಟ್ ತೆರೆದರೆ ಈ ಲೆಕ್ಕವನ್ನು ಅದೇ ಮಾಡುತ್ತದೆ. ಅಲ್ಲಿ ಫ್ಲಾನರಿ ಅಂತಲೂ ಒಂದು ಆಯ್ಕೆ ಇದೆ. ದೊಡ್ಡ ವೃತ್ತವನ್ನು ಜನ ಇರುವುದಕ್ಕಿಂತ ಚಿಕ್ಕದು ಅಂತಲೇ ಅಂದಾಜು ಮಾಡುತ್ತಾರೆ, ಅದಕ್ಕಾಗಿ ತುಸು ಹಿಗ್ಗಿಸುವ ಲೆಕ್ಕ ಅದು. ಚಿಕ್ಕ ವೃತ್ತಗಳು ದೊಡ್ಡದರ ಮೇಲೆ ಬರುವಂತೆ ಜೋಡಿಸಿ, ಅಂಚಿಗೆ ತೆಳು ಬಿಳಿ ಗೆರೆ ಕೊಡಿ.

ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣದಂಥ ಜಾಗಗಳಿಗೆ ಸರಳ ಆಕಾರ ಸಾಕು. ನೆರಳು, ಹೊಳಪು ಬೇಡ. ಜಿಲ್ಲೆ ಪೂರ್ತಿ ಕಾಣುವಾಗ ನೂರಾರು ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ದೂರದಿಂದ ನೋಡುವಾಗ ಚುಕ್ಕಿ, ಊರಿನ ಮಟ್ಟಕ್ಕೆ ಹತ್ತಿರ ಬಂದಾಗ ಚಿತ್ರ ಮತ್ತು ಹೆಸರು, ಹೀಗೆ ಜೂಮ್‌ಗೆ ತಕ್ಕಂತೆ ಬದಲಿಸಿ. ಫೋನಿನಲ್ಲಿ ಬೆರಳಿನಿಂದ ಒತ್ತಬೇಕಾದ ಗುರುತಾದರೆ, ಕಾಣುವ ಗಾತ್ರ ಚಿಕ್ಕದಿದ್ದರೂ ಒತ್ತುವ ಜಾಗ 44 ಪಿಕ್ಸೆಲ್‌ನಷ್ಟು ಇರಲಿ.

6. ಹಿನ್ನೆಲೆ ಮತ್ತು ಹೆಸರುಗಳು

ನಿಮ್ಮ ಬಣ್ಣದ ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಬಣ್ಣ ಬಣ್ಣದ ಹಿನ್ನೆಲೆ ಇಟ್ಟು, ಮೇಲಿನ ಲೇಯರನ್ನು ಅರೆಪಾರದರ್ಶಕ ಮಾಡುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಕಾಡಿನ ಹಸಿರಿನ ಮೇಲೆ ನಿಮ್ಮ ಕೆಂಪು ಕಂದಾಗುತ್ತದೆ. ಲೆಜೆಂಡ್‌ನಲ್ಲಿ ಒಂದು ಬಣ್ಣ, ನಕ್ಷೆಯಲ್ಲಿ ಇನ್ನೊಂದು. ಹಿನ್ನೆಲೆ ಬೂದು ಬಣ್ಣದ್ದು ಇರಲಿ, ನಿಮ್ಮ ಬಣ್ಣ ಪೂರ್ತಿ ದಟ್ಟವಾಗಿರಲಿ. ರಸ್ತೆ, ನದಿ, ಹೆಸರುಗಳನ್ನು ಅದರ ಮೇಲೆ ತನ್ನಿ.

ಕನ್ನಡದ ಹೆಸರುಗಳಿಗೆ ವಿಶೇಷ ಗಮನ ಬೇಕು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಕ್ಷರದ ಸುತ್ತ ಹಾಕುವ ಬಿಳಿ ಅಂಚು ದಪ್ಪವಾದರೆ ಕೆಳಗಿನ ಸಾಲನ್ನು ನುಂಗುತ್ತದೆ. ಕೆಲವು ವೆಬ್ ನಕ್ಷೆ ಲೈಬ್ರರಿಗಳಲ್ಲಿ (ವೆಬ್ ನಕ್ಷೆ ಮಾಡಲು ಬಳಸುವ ಸಿದ್ಧ ಕೋಡ್) ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ನಾನು ಪ್ರತಿ ಸಲ "ಚಿಕ್ಕಬಳ್ಳಾಪುರ" ಅಂತ ಬರೆದು ಪರೀಕ್ಷೆ ಮಾಡುತ್ತೇನೆ. ಅದು ಸರಿಯಾಗಿ ಬಂದರೆ ಉಳಿದವೂ ಸಾಮಾನ್ಯವಾಗಿ ಬರುತ್ತವೆ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ (ತಿಳಿ-ಕಡುವಿನ ವ್ಯತ್ಯಾಸ) ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವುದು ವೆಬ್‌ನ ಅಂಗೀಕೃತ ಅಳತೆ. ಇದನ್ನು ಅಳೆದು ಹೇಳುವ ಉಚಿತ ಉಪಕರಣಗಳು ಇವೆ.

7. ಮಾಹಿತಿ ಇಲ್ಲದ ಜಾಗಕ್ಕೆ ತನ್ನದೇ ಗುರುತು ಕೊಡಿ

ಆ ಅಜ್ಜನ ಕೆರೆಗೆ ಬರೋಣ. ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ. ಸೊನ್ನೆ ಅಂದರೆ ಯಾರೋ ಹೋಗಿ, ಅಳೆದು, ಏನೂ ಇಲ್ಲ ಅಂತ ಬರೆದಿದ್ದಾರೆ. ಅದು ನಿಮ್ಮ ಬಣ್ಣದ ಸಾಲಿನ ತುದಿಯಲ್ಲಿ ಬರಬೇಕು. ಗೊತ್ತಿಲ್ಲದ್ದು ಆ ಸಾಲಿನಿಂದ ಹೊರಗೇ ಇರಬೇಕು. ತಿಳಿ ಬೂದು ಬಣ್ಣದ ಮೇಲೆ ಓರೆ ಗೀಟು ಹಾಕಿ. ಲೆಜೆಂಡ್‌ನಲ್ಲಿ ಸ್ವಲ್ಪ ಅಂತರ ಬಿಟ್ಟು "ಅಳತೆ ಆಗಿಲ್ಲ" ಅಂತ ಬರೆಯಿರಿ.

ಕ್ಯೂಜಿಐಎಸ್‌ನ ಗ್ರಾಜುಯೇಟೆಡ್ ಆಯ್ಕೆ ಖಾಲಿ ಅಂಕಿ ಇರುವ ಜಾಗವನ್ನು ಬಿಡಿಸುವುದೇ ಇಲ್ಲ. ಅದಕ್ಕೆ ಸುಲಭದ ದಾರಿ: ಅದೇ ಲೇಯರಿನ ಇನ್ನೊಂದು ಪ್ರತಿಯನ್ನು ಕೆಳಗೆ ಇಟ್ಟು, ಪೂರ್ತಿ ಬೂದು ಗೀಟು ತುಂಬಿ. ಮೇಲಿನದರಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೆಳಗಿನ ಗೀಟು ತಾನೇ ಕಾಣುತ್ತದೆ. ನಮ್ಮ ಕೆರೆ ನಕ್ಷೆಯನ್ನು ಹೀಗೇ ಮತ್ತೆ ಮಾಡಿದೆವು. ಗೀಟು ಬಿದ್ದ ಕೆರೆಗಳ ಪಟ್ಟಿಯೇ ಮುಂದಿನ ವಾರದ ಸರ್ವೆಯ ಪಟ್ಟಿಯಾಯಿತು.

8. ಬೇರೆಯವರ ಕಣ್ಣಿನಿಂದ ನೋಡಿ

ಕೆಂಪು-ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆ ತುಂಬಾ ಇದ್ದಾರೆ. ಇದು ಎಕ್ಸ್ ಕ್ರೋಮೋಸೋಮ್ ಮೂಲಕ ಬರುವುದರಿಂದ ಗಂಡಸರಲ್ಲೇ ಜಾಸ್ತಿ. ಅನೇಕರು ಯಾರಿಗೂ ಹೇಳಿಕೊಂಡಿರುವುದಿಲ್ಲ. ಕ್ಯೂಜಿಐಎಸ್‌ನ ವ್ಯೂ ಮೆನುವಿನಲ್ಲಿ ಪ್ರಿವ್ಯೂ ಮೋಡ್ ಇದೆ. ಅದರಲ್ಲಿ ಪ್ರೋಟನೋಪಿಯಾ, ಡ್ಯೂಟರನೋಪಿಯಾ (ಕೆಂಪು-ಹಸಿರು ಬೇರೆಯಾಗಿ ಕಾಣದಿರುವುದರ ಎರಡು ಬಗೆ), ಕಪ್ಪು-ಬಿಳುಪು, ಮೂರನ್ನೂ ಹಾಕಿ ನೋಡಿ. ಎರಡು ಗುಂಪು ಒಂದೇ ಆಗಿ ಕಂಡರೆ ಬಣ್ಣ ಬದಲಿಸಿ. ಕೆಂಪು-ಹಸಿರಿನ ಬದಲು ಕಿತ್ತಳೆ-ನೀಲಿ ಹೆಚ್ಚಾಗಿ ಕೆಲಸ ಮಾಡುತ್ತದೆ. ಕಪ್ಪು-ಬಿಳುಪಿನಲ್ಲೂ ಓದಲು ಬಂದರೆ ಜೆರಾಕ್ಸ್ ಮಾಡಿಸಿ ಹಂಚಿದರೂ ನಕ್ಷೆ ಉಳಿಯುತ್ತದೆ. ಹಳ್ಳಿ ಕಡೆ ಹೆಚ್ಚಿನವರ ಕೈಗೆ ಸೇರುವುದು ಆ ಜೆರಾಕ್ಸ್ ಪ್ರತಿಯೇ.

ಆಮೇಲೆ ಫೋನ್ ಹಿಡಿದು ಮಧ್ಯಾಹ್ನದ ಬಿಸಿಲಿಗೆ ಬನ್ನಿ. ಎಸಿ ಕೋಣೆಯ ದೊಡ್ಡ ಪರದೆಯಲ್ಲಿ ಚಂದ ಕಂಡ ತಿಳಿ ಹಳದಿ, ತಿಳಿ ಕೆನೆ ಬಣ್ಣಗಳು ಅಲ್ಲಿ ಮಾಯವಾಗುತ್ತವೆ.

ಕೊನೆಗೆ ನಕ್ಷೆಯನ್ನು ಆ ವಿಷಯವೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ನೀವು ವಿವರಿಸಬೇಡಿ. ಚೀಟಿಯಲ್ಲಿ ಬರೆದ ಪ್ರಶ್ನೆಯನ್ನಷ್ಟೇ ಕೇಳಿ. ಅವರು ಬೆರಳಿಟ್ಟ ಜಾಗ ತಪ್ಪಾದರೆ ತಪ್ಪು ಅವರದಲ್ಲ. ನಾಲ್ಕನೇ ಹೆಜ್ಜೆಗೆ ಹಿಂದಿರುಗಿ.

9. ಸ್ಟೈಲ್ ಉಳಿಸಿಡಿ

ಎಲ್ಲ ಸರಿಯಾದ ಮೇಲೆ ಲೇಯರಿನ ಸ್ಟೈಲನ್ನು (ನೀವು ಆರಿಸಿದ ಬಣ್ಣ, ಗುಂಪು, ಗುರುತು) ಬೇರೆ ಫೈಲಾಗಿ ಉಳಿಸಿ. ಗುಂಪುಗಳ ಗಡಿಯನ್ನು ಯಾಕೆ ಹಾಗೆ ಇಟ್ಟಿರಿ ಅಂತ ಎರಡು ಸಾಲು ಬರೆದಿಡಿ. 2027ರ ಜನಗಣತಿಯ ಅಂಕಿಗಳು ಬಂದಾಗ ಅದೇ ಗಡಿ, ಅದೇ ಬಣ್ಣದಲ್ಲಿ ಹೊಸ ನಕ್ಷೆ ಮಾಡಿದರೆ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಪ್ರತಿ ನಕ್ಷೆಗೂ ಹೊಸದಾಗಿ ಗಡಿ ಹಾಕಿದರೆ ಜಿಲ್ಲೆಯ ಬಣ್ಣ ಬದಲಾಗಿದ್ದು ಜನ ಹೆಚ್ಚಿದ್ದರಿಂದಲೋ, ನೀವು ಗಡಿ ಸರಿಸಿದ್ದರಿಂದಲೋ ತಿಳಿಯುವುದಿಲ್ಲ. ಬಳ್ಳಾರಿ, ವಿಜಯನಗರ ಎರಡನ್ನೂ ಹೋಲಿಕೆಗಾಗಿ ಒಮ್ಮೆ ಕೂಡಿಸಿ ನೋಡಿ (2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲೂಕನ್ನು ಬಿಟ್ಟು), ಹಾಗೆ ಕೂಡಿಸಿದ್ದೀರಿ ಅಂತ ನಕ್ಷೆಯ ಕೆಳಗೇ ಬರೆಯಿರಿ.